ಗಾದಿಯೂ ಮೊಣಕಾಲೂ

ಬನಹಟ್ಟಿಯ ನಮ್ಮ ಬಟ್ಟೆ ಓಣಿಯಲ್ಲಿ ನನ್ನಷ್ಟು ನಿಷ್ಠಾವಂತ ಗುಮಾಸ್ತ, ನಮ್ಮ ಮಾತಿನಲ್ಲಿ ದಿವಾನಜಿ, ಇನ್ನೊಬ್ಬನಿಲ್ಲ ಎಂಬ ಮಾತು ಬಹಳ ದಿನ ಚಾಲ್ತಿಯಲ್ಲಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಗಾದಿಯ ಮೇಲೆ ಕೂತಿರುತ್ತಿದ್ದೆ. ಸಂಜೆ ಎಲ್ಲರೂ ಹೋದಮೇಲೆ ಏಳುತ್ತಿದ್ದೆ. ಯಾರಾದರೂ ಇದನ್ನು ಹೊಗಳಿದರೆ ತಲೆ ತಗ್ಗಿಸಿ ವಿನಯದಿಂದ ನಗುತ್ತಿದ್ದೆ. ಈಗ ನಿಮ್ಮೊಬ್ಬರ ಮುಂದೆ ನಿಜ ಹೇಳಿಬಿಡುತ್ತೇನೆ. ಆ ನಿಷ್ಠೆ ನನ್ನದಲ್ಲ, ನನ್ನ ಮೊಣಕಾಲಿನದು. ನಾನು ಕೂಡುವುದನ್ನೂ ಏಳುವುದನ್ನೂ ಯಾರೂ ನೋಡಬಾರದಾಗಿತ್ತು, ಅಷ್ಟೆ.

ನಮ್ಮ ಕಡೆಯ ಬಟ್ಟೆ ಅಂಗಡಿ ನೋಡದವರಿಗೆ ಗಾದಿಯ ಮಹಿಮೆ ಹೇಳಬೇಕು. ಗೋಡೆಯಿಂದ ಗೋಡೆಗೆ ನೆಲದ ಮೇಲೆ ಹಾಸಿದ ಅರಳೆಯ ಗಾದಿ, ಅದರ ಮೇಲೆ ಬಿಳಿ ಚಾದರ, ಒರಗಲು ಲೋಡು. ನೇಕಾರ ಸೀರೆಯ ಗಂಟು ತಂದರೆ ಅಲ್ಲಿಯೇ ಬಿಚ್ಚಬೇಕು, ಬೇರೆ ಊರಿನ ವ್ಯಾಪಾರಿ ಬಂದರೆ ಅಲ್ಲಿಯೇ ಚಹಾ ಕುಡಿಯಬೇಕು, ಜಗಳವೂ ಅಲ್ಲಿಯೇ ಹುಟ್ಟಿ ಅಲ್ಲಿಯೇ ತಣ್ಣಗಾಗಬೇಕು. ಎಲ್ಲವೂ ಚಕ್ಕಳಮಕ್ಕಳ ಹಾಕಿಕೊಂಡು. ಗಿರಾಕಿಯ ಮುಂದೆ ಕಾಲು ಚಾಚಿದರೆ ಮರ್ಯಾದೆ ಹೋಯಿತು. ಕುರ್ಚಿ ಎಂಬುದು ಪ್ರತಿ ಅಂಗಡಿಯಲ್ಲೂ ಒಂದೇ ಒಂದು, ಮಡಚಿ ಗೋಡೆಗೆ ಆನಿಸಿಟ್ಟದ್ದು. ಪ್ಯಾಂಟು ತೊಟ್ಟು ಅಳತೆಯ ತಪಾಸಣೆಗೆ ಬರುವ ಸರಕಾರದ ಸಾಹೇಬರಿಗೆ ಮಾತ್ರ ಅದನ್ನು ಬಿಚ್ಚುತ್ತಾರೆ. ಸಾಹೇಬರು ಹೋದ ಕೂಡಲೆ ಅದನ್ನು ಮಡಚಿ, ಚಾದರದ ಮೂಲೆ ಸರಿ ಮಾಡಿ, ಓಣಿ ಮತ್ತೆ ಉಸಿರಾಡುತ್ತದೆ.

ಆ ಗಾದಿಯ ಮೇಲೆ, ಮಲ್ಲಪ್ಪ ಸಾವುಕಾರರ ಬಲಗಡೆಯ ಲೋಡು ನನ್ನದು. ನೇಕಾರರು ತಂದ ಸೀರೆ ಬಿಚ್ಚಿ, ಬೆಳಕಿಗೆ ಹಿಡಿದು, ಎಳೆ ತಪ್ಪಿದೆಯೇ, ಅಂಚಿನ ದಡಿ ಸೊಟ್ಟಗಿದೆಯೇ ಎಂದು ನೋಡಿ ‘ಪಾಸು’ ಅನ್ನುವುದೋ ‘ವಾಪಸು’ ಅನ್ನುವುದೋ ನನ್ನ ಕೆಲಸ. ಆ ಲೋಡು ನನಗೆ ಬಂದದ್ದು ಹೇಗೆಂದರೆ, ನನಗಿಂತ ಮೊದಲು ಅಲ್ಲಿದ್ದ ಗುರುಸಿದ್ದಪ್ಪನವರಿಗೆ ಒಂದು ದಿನ ಸೊಂಟ ಹಿಡಿಯಿತು. ಎಲ್ಲರೆದುರೇ ಹಿಡಿಯಿತು. ನಾಲ್ಕು ಜನ ಸೇರಿ ಎಬ್ಬಿಸಿದರು. ಮರುವಾರ ಸಾವುಕಾರರು ಅವರಿಗೆ ಒಂದು ಶಾಲು ಹೊದಿಸಿ, ಕೈಯಲ್ಲಿ ತೆಂಗಿನಕಾಯಿ ಇಟ್ಟು, “ಇನ್ನ ಮನ್ಯಾಗ ಆರಾಮ ಇರ್ರಿ” ಎಂದರು. ಗುರುಸಿದ್ದಪ್ಪನವರು ಆರಾಮವಾಗಿಯೇ ಇದ್ದಾರೆ. ದಿನಾ ಸಂಜೆ ಬಸ್‌ಸ್ಟ್ಯಾಂಡಿಗೆ ಹೋಗಿ, ಮಹಾಲಿಂಗಪುರದ ಬಸ್ಸು ಎಷ್ಟು ತಡವಾಗಿ ಬಂತೆಂದು ನೋಡಿ, ಮನೆಗೆ ಬರುತ್ತಾರೆ. ಅವರನ್ನು ಕಂಡಾಗಲೆಲ್ಲ ನನ್ನ ಮೊಣಕಾಲು ತಣ್ಣಗಾಗುತ್ತಿತ್ತು. ಶಾಲಿನಷ್ಟು ಭಯಂಕರ ವಸ್ತ್ರವನ್ನು ಬಟ್ಟೆ ಓಣಿಯಲ್ಲಿದ್ದೂ ನಾನು ಬೇರೆ ನೋಡಿಲ್ಲ.

ಹೀಗಾಗಿ ಬಲಗಾಲಿನ ಮೊಣಕಾಲು ಮೊದಲ ಸಲ ಚುಚ್ಚಿದಾಗ ನಾನು ನೋವಿಗೆ ಹೆದರಲಿಲ್ಲ, ಸುದ್ದಿಗೆ ಹೆದರಿದೆ. ನಡುವೆ ಏಳಬೇಕಾಗಬಾರದೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಿದೆ. ಮಗ್ಗುಲಿಗೆ ಒಂದು ಸೀರೆಯ ಗಂಟು ಇಟ್ಟುಕೊಂಡು, ಅದನ್ನು ಹುಡುಕುವ ನೆಪದಲ್ಲಿ ಕಾಲು ಬದಲಿಸುತ್ತಿದ್ದೆ. ನನ್ನದು ಮೊದಲೇ ಚಿಂತೆಯ ಸ್ವಭಾವ. ಇವತ್ತು ಮೊಣಕಾಲು, ನಾಳೆ ಸೊಂಟ, ನಾಡಿದ್ದು ಕುತ್ತಿಗೆ, ಕೊನೆಗೆ ‘ವಾಪಸು’ ಎಂದು ತಲೆ ಅಲ್ಲಾಡಿಸಲೂ ಬಾರದಂತಾಗಿ ಬನಹಟ್ಟಿಯ ಸೀರೆಗಳೆಲ್ಲ ಪಾಸಾಗಿ ಹೋಗುವ ದಿನವನ್ನು ನಾನು ಕಣ್ಣಾರೆ ಕಂಡೆ.

ಮನೆಯಲ್ಲಿ ಮಾತ್ರ ಮುಚ್ಚುಮರೆ ಇರಲಿಲ್ಲ. ಹೆಂಡತಿ ಶಾಂತವ್ವ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಡುತ್ತಿದ್ದಳು. ಎಕ್ಕೆಯ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಸುತ್ತುತ್ತಿದ್ದಳು. ನಾನು ನರಳುವುದನ್ನು ಕೇಳಿ ಕೇಳಿ ಒಂದು ದಿನ ಅಂದಳು: “ಅಂಗಡ್ಯಾಗ ಹುಲಿ ಇದ್ದಂಗ ಇರ್ತೀರಂತ. ಮನಿಗೆ ಬಂದ್ರ ತೊಟ್ಟಲ ಕೂಸು. ಸಾವುಕಾರ್ರಿಗೆ ಒಂದ ಮಾತ ಹೇಳಬಾರದೇನು?”

“ಹೇಳಿದ್ರ ಶಾಲು ಹೊಚ್ಚತಾರ.”

“ಹೊಚ್ಚಲಿ ಬಿಡ್ರಿ. ಹೆಂಗೂ ಥಂಡಿ ದಿನಾ ಬಂದಾವು.”

ಕಾವಿನಿಂದ ಹಿತವೇನೋ ಆಗುತ್ತಿತ್ತು. ಆದರೆ ಹಿತದಿಂದ ತೃಪ್ತಿಪಡುವುದು ನಮ್ಮ ಜನದ ಜಾಯಮಾನವಲ್ಲ. ನಮಗೆ ಪಥ್ಯ ಬೇಕು. ನನಗೆ ನೋವಿದೆ ಎಂದು ಹೇಳಿಕೊಳ್ಳಲಾಗದ್ದರಿಂದ, ‘ನಮ್ಮ ಸಂಬಂಧಿಕರೊಬ್ಬರಿಗೆ’ ಎಂದು ಸುಳ್ಳು ಹೇಳಿ ಊರೂರಿನ ಸಲಹೆ ಕೂಡಿಸಿದೆ. ಎಲ್ಲರೂ ಒಂದು ಮಾತಿನಲ್ಲಿ ಒಪ್ಪಿದರು: ಇದು ವಾಯು. ಎರಡನೆಯ ಮಾತಿನಲ್ಲಿ ಯಾರೂ ಒಪ್ಪಲಿಲ್ಲ. ಒಬ್ಬರು ಬದನೆಕಾಯಿ ಬಿಡಿ ಎಂದರು, ಒಬ್ಬರು ಕಡಲೆಬೇಳೆ ಬಿಡಿ ಎಂದರು, ಮತ್ತೊಬ್ಬರು ಮಜ್ಜಿಗೆಯನ್ನೇ ಬಿಡಿಸಿದರು. ಆಮೇಲೆ ಗಮನಿಸಿದೆ: ಪ್ರತಿಯೊಬ್ಬರೂ ತಮಗೆ ಸೇರದ ಪದಾರ್ಥವನ್ನೇ ನನಗೆ ಬಿಡಿಸುತ್ತಿದ್ದರು. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ, ದಿನಾ ಒಂದು ಅಚ್ಚು ಬೆಲ್ಲ ತಿಂದವನಿಗೆ ಸಂದು ನೋವೇ ಬಾರದು ಎಂದು ಆಣೆ ಇಟ್ಟು ಹೇಳಿದರು. ಸಮೀರವಾಡಿಯ ಸಕ್ಕರೆ ಕಾರಖಾನೆಯಲ್ಲಿರುವ ನನ್ನ ಮೈದುನ, ನೋವಿಗೆಲ್ಲ ಬೆಲ್ಲವೇ ಕಾರಣ ಎಂದ. ಬೀಳಗಿಯ ಕಡೆಯ ಬೇರಿನ ಔಷಧದವನೊಬ್ಬ ಒಂಬತ್ತು ದಿನ ಉಪ್ಪಿಲ್ಲದೆ ಉಂಡು, ಪೂರ್ವಕ್ಕೆ ಮುಖ ಮಾಡಿ, ಮಾತಾಡದೆ ಕುಡಿಯಬೇಕಾದ ಕಷಾಯ ಕೊಟ್ಟ. ಕುಡಿದೆ. ಮೊಣಕಾಲಿಗೆ ಏನೂ ಆಗಲಿಲ್ಲ. ಆ ಒಂಬತ್ತು ದಿನ ನಾನು ಮನೆಯಲ್ಲಿ ಮಾತಾಡದ್ದರಿಂದ ಶಾಂತವ್ವನ ತಲೆನೋವು ವಾಸಿಯಾಯಿತು.

ಇಂಥ ದಿನಗಳಲ್ಲಿ ಮನಸ್ಸು ದೇವರ ಕಡೆಗೆ ಹರಿಯುವುದು ಸಹಜ. ನನ್ನ ಮನಸ್ಸು ದೇವರ ಮೊಣಕಾಲಿನ ಕಡೆಗೆ ಹರಿಯಿತು. ಪದ್ಮಾಸನ ಹಾಕಿದ ಮೂರ್ತಿಗಳನ್ನು ಕಂಡರೆ ಕಲ್ಲಾಗಿದ್ದಕ್ಕೆ ತಾಳಿಕೊಂಡಿವೆ ಅನ್ನಿಸುತ್ತಿತ್ತು. ಗಣಪತಿ ಒಂದು ಕಾಲು ಮಡಚಿ ಒಂದನ್ನು ಇಳಿಬಿಟ್ಟಿರುತ್ತಾನೆ. ಆ ಹೊಟ್ಟೆಯ ಭಾರಕ್ಕೆ ಅಷ್ಟಾದರೂ ಜಾಗ್ರತೆ ಬೇಕು. ಎಲ್ಲರಿಗಿಂತ ಜಾಣ ಪಂಢರಪುರದ ವಿಠ್ಠಲ. ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ಎಂದಿನಿಂದಲೋ ನಿಂತೇ ಇದ್ದಾನೆ. ಭಕ್ತರು ಅದಕ್ಕೆ ನೂರು ಅರ್ಥ ಹೇಳುತ್ತಾರೆ. ಒಮ್ಮೆ ಕೂತರೆ ಇಷ್ಟು ಜನರ ಮುಂದೆ ಮತ್ತೆ ಏಳಬೇಕಾದೀತು ಎಂದು ಅವನಿಗೆ ಮೊದಲೇ ಹೊಳೆದಿತ್ತು ಎಂಬುದು ನನ್ನ ನೂರಾ ಒಂದನೆಯ ಅರ್ಥ.

ಕೊನೆಗೆ ಜಮಖಂಡಿಗೆ ಹೋದೆ. ಬನಹಟ್ಟಿಯಲ್ಲೇನು ಡಾಕ್ಟರಿಗೆ ಬರವಿರಲಿಲ್ಲ. ಆದರೆ ಇಲ್ಲಿ ನಾನು ದವಾಖಾನೆಯ ಮೆಟ್ಟಿಲು ಇಳಿಯುವುದರೊಳಗೆ ನನ್ನ ರೋಗ ಓಣಿಗೆ ಹೋಗಿ ಮುಟ್ಟಿರುತ್ತದೆ. ಜಮಖಂಡಿಯ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಮೊಣಕಾಲನ್ನು ಹಿಂದೆ ಮುಂದೆ ಮಾಡಿ ಕೇಳಿದರು, “ಏನ ಕೆಲಸ ಮಾಡ್ತೀರಿ?”

“ಕೂಡೂ ಕೆಲಸರೀ.”

“ಹಂಗಂದ್ರ?”

“ಗಾದಿ ಮ್ಯಾಲ, ಚಕ್ಕಳಮಕ್ಕಳ. ಮುಂಜಾನಿಂದ ಸಂಜಿಮಟ.”

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಸಂದು ಸವದಾವ. ಹೊಸಾದು ಸಿಗೂದಿಲ್ಲ, ಇದ್ದದ್ದನ್ನ ಜ್ವಾಕಿ ಮಾಡ್ಬೇಕು. ಚಕ್ಕಳಮಕ್ಕಳ ಬಿಡ್ರಿ, ಕುಕ್ಕರಗಾಲ ಬಿಡ್ರಿ. ಎತ್ತರದ ಮ್ಯಾಲ ಕಾಲ ಇಳಿಬಿಟ್ಟ ಕೂಡ್ರಿ. ಅರ್ಧ ತಾಸಿಗೊಮ್ಮೆ ಏಳ್ರಿ, ಏಳೂಮುಂದ ಕೈ ಊರ್ರಿ. ಸಪಾಟ ದಾರ್ಯಾಗ ದಿನಾ ಅಡ್ಡಾಡ್ರಿ. ಕೂತಲ್ಲೇ ಒಂದ ಕಾಲ ನೆಟ್ಟಗ ಮಾಡಿ ಹತ್ತ ಎಣಸ್ರಿ, ಆಮ್ಯಾಲ ಇನ್ನೊಂದ. ತೊಡಿ ಗಟ್ಟಿ ಆದ್ರ ಮೊಣಕಾಲಿಗೆ ಭಾರ ಕಡಿಮಿ. ಬೆಳಿಗ್ಗೆ ಬಿಗಿ ಹಿಡಿದ್ರ ಕಾವ ಕೊಡ್ರಿ.”

“ಇಂಜೆಕ್ಷನ್‌ರೀ?”

“ಬ್ಯಾಡ.”

“ಟಾನಿಕ್ಕರ ಬರಕೊಡ್ರಿ.”

“ನಿಮ್ಮ ಹೊಟ್ಟಿ ನೋಡಿದ್ರ ಟಾನಿಕ್ಕ ಭಾಳ ಆದಂಗ ಕಾಣಸ್ತೈತಿ. ಅದನ್ನ ಇಳಸ್ರಿ.”

ಇಂಜೆಕ್ಷನ್ ಇಲ್ಲದೆ ಡಾಕ್ಟರ ಬಳಿಯಿಂದ ಬರುವುದೆಂದರೆ ಪ್ರಸಾದವಿಲ್ಲದೆ ಗುಡಿಯಿಂದ ಬಂದ ಹಾಗೆ. ಮನಸ್ಸು ಕೇಳದೆ ಹೊರಗಿನ ಅಂಗಡಿಯಲ್ಲಿ ಒಂದು ಮುಲಾಮು ಕೊಂಡೆ. ಬಸ್ಸಿನಲ್ಲಿ ಹಚ್ಚಿಕೊಂಡ ಕೂಡಲೆ ಹಿಂದಿನ ಮೂರು ಸಾಲಿನವರು “ಯಾರಿಗ್ರೀ ಮೊಣಕಾಲ ನೋವು?” ಎಂದು ಕೇಳಿದರು. ಮೂಗುಳ್ಳ ಸಾವುಕಾರರ ಪಕ್ಕದಲ್ಲಿ ಅದು ನಡೆಯದೆಂದು ನಡುದಾರಿಯಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಬಿಸುಟೆ.

ಡಾಕ್ಟರು ಹೇಳಿದ್ದರಲ್ಲಿ ಮಾಡಲು ಅತ್ಯಂತ ಸುಲಭವಾದದ್ದೂ ನಮ್ಮ ಓಣಿಯಲ್ಲಿ ಅತ್ಯಂತ ಅಸಾಧ್ಯವಾದದ್ದೂ ಒಂದೇ: ಕುರ್ಚಿ. ಎರಡು ವಾರ ಯೋಚಿಸಿ ಒಂದು ಉಪಾಯ ಹೂಡಿದೆ. “ಸಾವುಕಾರ್ರೀ, ಒಳಗ ಬೆಳಕ ಸಾಲವಲ್ದು, ಎಳಿ ಕಾಣವಲ್ದು. ಬಾಗಲದಾಗ ಕೂತ ಸೀರಿ ನೋಡ್ತೇನಿ” ಎಂದು, ಸಾಹೇಬರ ಕುರ್ಚಿಯನ್ನು ಬಿಚ್ಚಿ ಬಾಗಿಲಲ್ಲಿ ಹಾಕಿಕೊಂಡೆ. ಬೆಳಕು ಹೆಗಲ ಮೇಲಿನಿಂದ ಬೀಳಲೆಂದು ಓಣಿಗೆ ಬೆನ್ನು ಮಾಡಿದೆ. ಸೆಕೆಗೆ ಟೊಪ್ಪಿಗೆ ತೆಗೆದಿಟ್ಟೆ. ಕಾಲು ಇಳಿಬಿಟ್ಟು, ಹಿಂದಿನ ದಿನ ಬಂದ ಸೀರೆಯೊಂದನ್ನು ಎರಡೂ ಕೈಯಗಲ ಹಿಡಿದು ನೋಡತೊಡಗಿದೆ. ಸ್ವರ್ಗಸುಖ ಅನ್ನುತ್ತಾರಲ್ಲ, ಅದಕ್ಕೆ ನಾಲ್ಕು ಕಾಲು ಇರುತ್ತವೆಂದು ಅಂದು ತಿಳಿಯಿತು.

ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಒಬ್ಬ ನೇಕಾರನೂ ಬರಲಿಲ್ಲ. ಒಳಗಿನಿಂದ ಸಾವುಕಾರರು, “ಇವತ್ತೇನ ಅಮಾಸಿ ಐತೇನ್ರಿ ದಿವಾನಜಿ? ಒಬ್ಬನೂ ಬರವಲ್ಲ” ಎಂದರು. ಓಣಿಯಲ್ಲಿ ಬಾಗಿಲು ಎಳೆಯುವ ಸದ್ದು ಒಂದೊಂದಾಗಿ ಕೇಳಿತು. ಮಧ್ಯಾಹ್ನದ ಹೊತ್ತಿಗೆ ನಮ್ಮದೊಂದು ಬಿಟ್ಟು ಎಲ್ಲ ಅಂಗಡಿ ಮುಚ್ಚಿದ್ದವು. ಯಾರೋ ದೊಡ್ಡವರು ತೀರಿಕೊಂಡಿರಬೇಕೆಂದು ನಾನು ಮನಸ್ಸಿನಲ್ಲೇ ಒಂದು ಪಟ್ಟಿ ಮಾಡಿಕೊಂಡು ದುಃಖಪಡುತ್ತಿದ್ದೆ.

ಮೂರರ ಸುಮಾರಿಗೆ ನಮ್ಮ ಅಂಗಡಿಗೆ ಸೀರೆ ಹಾಕುವ ಹಳೆಯ ನೇಕಾರ ಈರಪ್ಪ ಎದುರಿನ ಕಟ್ಟೆ ಹಿಡಿದು ಬಂದು, ಬಗ್ಗಿ, ಮಗ್ಗುಲಿನಿಂದ ನನ್ನ ಮುಖ ನೋಡಿದ.

“ಎಪ್ಪಾ, ನೀವೇನ್ರೀ” ಎಂದು ಅಲ್ಲಿಯೇ ಕುಸಿದು ಕೂತ. “ಮುಂಜಾನಿ ಗಂಟ ಹೊತಗೊಂಡ ಬರಾಕತ್ತಿದ್ನಿ. ಕುರ್ಚಿ ಮ್ಯಾಲ ಬೋಳ ತಲಿ ಕಾಣ್ತು, ಕೈಯಾಗ ಸೀರಿ ಹಿಡದ ಅಳತಿ ಮಾಡಾಕತ್ತಿತ್ತು. ಅಳತಿ ಸಾಹೇಬ ಬಂದಾನಂತ ತಿಳದು ತಿರಗಿ ಓಡಿದ್ನಿ. ದಾರ್ಯಾಗ ಸಿಕ್ಕಾವರಿಗೆಲ್ಲಾ ಹೇಳೇನ್ರೀ.”

ಈರಪ್ಪನದು ತಪ್ಪಲ್ಲ. ನಮ್ಮ ಓಣಿಯಲ್ಲಿ ಕುರ್ಚಿಯ ಮೇಲೆ ಕೂತವನು ನಮ್ಮವನಾಗಿರಲು ಸಾಧ್ಯವೇ ಇಲ್ಲ. ಇಲ್ಲಿಯ ಅಂಗಡಿಗಳಲ್ಲಿ ಎರಡೆರಡು ಗಜಕಡ್ಡಿ ಇರುತ್ತವೆ, ಕೊಳ್ಳಲು ಉದ್ದದ್ದು, ಮಾರಲು ಗಿಡ್ಡದ್ದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅಂದು ಮಧ್ಯಾಹ್ನ ಸುಮಾರು ಗಜಕಡ್ಡಿಗಳು ಹಿತ್ತಲ ಬಾಗಿಲಿನಿಂದ ಹೊರಬಿದ್ದು ಒಲೆ ಸೇರಿದವು ಎಂಬುದನ್ನು ಮಾತ್ರ ಅಲ್ಲಗಳೆಯಲಾರೆ. ನನ್ನ ಮೊಣಕಾಲಿನಿಂದಾಗಿ ಕೆಲವು ದಿನ ಬನಹಟ್ಟಿಯಲ್ಲಿ ಸೀರೆಗಳು ತಮ್ಮ ಪೂರ್ತಿ ಉದ್ದಕ್ಕೆ ಮಾರಾಟವಾದವು. ಅದಕ್ಕಾಗಿ ನನಗೆ ಯಾರೂ ಸನ್ಮಾನ ಮಾಡಲಿಲ್ಲ. ಮಾಡಿದ್ದರೆ ಶಾಲು ಹೊದಿಸುತ್ತಿದ್ದರು, ಬೇಡ ಬಿಡಿ.

ಸಂಜೆ ದೀಪ ಹಚ್ಚಿದ ಮೇಲೆ, ಉಳಿದವರೆಲ್ಲ ಹೋದರು. ಕುರ್ಚಿ ಮಡಚಿ ಗೋಡೆ ಸೇರಿತ್ತು. ನಾನು ಮತ್ತೆ ನನ್ನ ಲೋಡಿಗೆ ಒರಗಿದ್ದೆ. ಸಾವುಕಾರರು ಅಡಿಕೆ ಕತ್ತರಿಸುತ್ತ ನಿಧಾನವಾಗಿ ಕೇಳಿದರು: “ಕುರ್ಚಿ ಯಾಕ ಹಾಕ್ಕೊಂಡ್ರಿ?”

“ಬೆಳಕಿಗ್ರೀ.”

“ಇಪ್ಪತ್ತ ವರ್ಸ ಬೆಳಕ ಇತ್ತು. ಮೊಣಕಾಲೇನರ?”

“ಛೇ, ಎಲ್ಲೀದ್ರೀ.”

“ಹಂಗಾದ್ರ ಏಳ್ರಿ ನೋಡೂಣು.”

ಶಾಲಿನ ಬಣ್ಣ ಕೂಡ ಕಣ್ಣ ಮುಂದೆ ಬಂತು. ಏಳಲು ಬಾರದು; ಬಾರದೆನ್ನಲೂ ಬಾರದು. ಭಯದಲ್ಲಿ ಬುದ್ಧಿ ಕೆಲವೊಮ್ಮೆ ಮರ್ಯಾದೆಯ ವೇಷ ಹಾಕುತ್ತದೆ. “ಹಿರ್ಯಾರು ಕೂತಾಗ ನಾ ಹೆಂಗ ಏಳಲಿ? ನೀವು ಮೊದಲ ಏಳ್ರಿ” ಎಂದೆ.

ಸಾವುಕಾರರ ಅಡಕತ್ತರಿ ನಿಂತಿತು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಇಬ್ಬರೂ ಏಳಲಿಲ್ಲ. ಕೊನೆಗೆ ಸಾವುಕಾರರು ದನಿ ಇಳಿಸಿ ಕೇಳಿದರು:

“ನಿಮಗ ಎಷ್ಟ ವರ್ಸಾತು?”

“ಮೂರು. ನಿಮಗ್ರೀ?”

“ಐದು. ಎರಡೂ ಕಾಲು.” ಕತ್ತರಿಸಿದ ಅಡಿಕೆಯನ್ನು ನನ್ನ ಕಡೆ ಸರಿಸಿದರು, “ನೀವು ಹ್ವಾದಮ್ಯಾಲ ಏಳಬೇಕಂತ ನಾ ದಿನಾ ಕುಂತಿರತೇನಿ. ನಿಮಗ ಮನಿ ಮಠ ಇಲ್ಲೇನು ಅಂತ ಎಷ್ಟ ಸಲ ಬೈದೇನಿ ಮನಸಿನ್ಯಾಗ.”

“ನಾನೂ ಬೈದೇನ್ರೀ.”

ಮೂರು ವರ್ಷ ನಾವಿಬ್ಬರೂ ಪರಸ್ಪರರ ನಿಷ್ಠೆಯನ್ನು ಶಪಿಸುತ್ತ ದೀಪದ ಕೆಳಗೆ ಕೂತಿದ್ದೆವು. ಕೊನೆಗೆ ಅವರು ತಿಜೋರಿಯ ಕಡೆ ಮುಖ ತಿರುಗಿಸಿದಾಗ ನಾನು ಹೇಗೋ ಎದ್ದು ಹೊರಬೀಳುತ್ತಿದ್ದೆ. ಓಣಿ ನಮ್ಮನ್ನು ನೋಡಿ, ದುಡಿದರೆ ಹೀಗೆ ದುಡಿಯಬೇಕೆಂದು ತನ್ನ ಮಕ್ಕಳಿಗೆ ಹೇಳುತ್ತಿತ್ತು.

“ಹೊರಗ ಬಿಡಬ್ಯಾಡ್ರಿ ಮತ್ತ” ಎಂದರು ಸಾವುಕಾರರು. “ನಮ್ಮ ಹಿರೇಮಗ ಕಾಯಾಕತ್ತಾನ. ‘ಅಪ್ಪಾ, ನೀವಿನ್ನ ಆರಾಮ ಇರ್ರಿ’ ಅಂತ ಈಗ ಎರಡ ಸಲ ಅಂದಾನ. ಮೂರನೇ ಸಲಕ ಶಾಲು ತರ್ತಾನ.”

ಶಾಲು ಹೊದಿಸುವವರಿಗೂ ಶಾಲಿನ ಭಯವಿದೆ ಎಂದು ತಿಳಿದಾಗ ನನಗಾದ ಸಮಾಧಾನವನ್ನು ಯಾವ ಮುಲಾಮೂ ಕೊಟ್ಟಿರಲಿಲ್ಲ. ಜಮಖಂಡಿಯ ಡಾಕ್ಟರು ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಅವರು ಕೇಳಿ, “ಕುರ್ಚಿ ಒಂದ ಬಿಟ್ಟ ಏನ ಹೇಳ್ರಿ” ಎಂದರು. ಎರಡು ದಿನ ವಿಚಾರ ಮಾಡಿ ಬಡಿಗನನ್ನು ಕರೆಸಿದರು. ಗೋಡೆಯಿಂದ ಗೋಡೆಗೆ, ತೊಡೆಯ ಎತ್ತರಕ್ಕೆ ಹಲಗೆಯ ಮಂಚ ಕಟ್ಟಿಸಿ ಗಾದಿಯನ್ನು ಅದರ ಮೇಲೆ ಏರಿಸಿದರು. ಅದೇ ಗಾದಿ, ಅದೇ ಚಾದರ, ಅದೇ ಲೋಡು. ಅಂಚಿನಲ್ಲಿ ಕೂತರೆ ಕಾಲು ತಾನಾಗಿ ಕೆಳಗೆ ಇಳಿಯುತ್ತದೆ; ಕೈ ಊರಿದರೆ ಮೈ ತಾನಾಗಿ ಏಳುತ್ತದೆ. ಇದು ಕುರ್ಚಿಯಲ್ಲ ಎಂದು ಯಾರು ಬೇಕಾದರೂ ನೋಡಿ ಹೇಳಬಹುದಿತ್ತು. ಕಾರಣ ಕೇಳಿದವರಿಗೆ ಗೆದ್ದಲು ಎಂದೆವು.

ಒಂದು ತಿಂಗಳಲ್ಲಿ ಎದುರಂಗಡಿಯ ಗಾದಿ ಏರಿತು. ಅವರ ಕಾರಣ ಥಂಡಿ. ಮೂಲೆಯ ಅಂಗಡಿಯವರು ಕೃಷ್ಣೆಯ ಮಹಾಪೂರಕ್ಕೆ ಹೆದರಿ ಏರಿಸಿದರು. ಹೊಳೆ ಇಲ್ಲಿಂದ ಹರದಾರಿ ದೂರದಲ್ಲಿದೆ. ಇನ್ನೊಬ್ಬರು ಕಾರಣವನ್ನೇ ಕೊಡದೆ ನಮಗಿಂತ ನಾಲ್ಕು ಬೆರಳು ಎತ್ತರ ಕಟ್ಟಿಸಿದರು. ದೀಪಾವಳಿಯ ಹೊತ್ತಿಗೆ ಇಡೀ ಓಣಿ ಕಾಲು ಇಳಿಬಿಟ್ಟು ಕೂತಿತ್ತು. ಮೊಣಕಾಲು ಎಂಬ ಶಬ್ದ ಮಾತ್ರ ಯಾರ ಬಾಯಿಂದಲೂ ಬರಲಿಲ್ಲ. ಒಳ್ಳೆಯ ಮಾತನ್ನು ಒಳ್ಳೆಯದೆಂದು ಹೇಳಿದರೆ ನಾವು ಕೇಳುವುದಿಲ್ಲ. ಪಕ್ಕದವರು ಮಾಡಿದ್ದಾರೆಂದರೆ ಮರದ ಬೆಲೆಯನ್ನೂ ಕೇಳುವುದಿಲ್ಲ.

ನನ್ನ ನೋವು ಹೋಯಿತೇ ಎಂದು ಕೇಳುತ್ತೀರಿ. ಹೋಗಿಲ್ಲ, ನೆಂಟರ ಹಾಗೆ ಬಂದು ಹೋಗುವುದನ್ನು ಕಲಿತಿದೆ. ಬೆಳಿಗ್ಗೆ ಉಪ್ಪಿನ ಕಾವು ಕೊಟ್ಟುಕೊಂಡು ರಬಕವಿಯ ದಾರಿಯಲ್ಲಿ ಅಡ್ಡಾಡಿ ಬರುತ್ತೇನೆ. ಗಾದಿಯ ಅಂಚಿನಲ್ಲಿ ಕೂತು, ಧೋತರದ ಮರೆಯಲ್ಲಿ ಒಂದೊಂದೇ ಕಾಲು ನೆಟ್ಟಗೆ ಮಾಡಿ ಹತ್ತು ಎಣಿಸುತ್ತೇನೆ. ಕೈಯಲ್ಲಿ ಸೀರೆ ಇರುವುದರಿಂದ ಎಳೆ ಎಣಿಸುತ್ತಿದ್ದೇನೆಂದು ನೇಕಾರರು ಉಸಿರು ಹಿಡಿದಿರುತ್ತಾರೆ. ಹೊಟ್ಟೆ ಎರಡು ಬೆರಳು ಇಳಿದಿದೆ. ಬದನೆಕಾಯಿ ಮನೆಗೆ ಮರಳಿದೆ.

ಇಷ್ಟೆಲ್ಲ ಆದಮೇಲೆ ಕಳೆದ ವಾರ ಈರಪ್ಪನ ಒಂದು ಸೀರೆಯನ್ನು, ದಡಿಯ ಹತ್ತಿರ ಎರಡೆಳೆ ತಪ್ಪಿವೆಯೆಂದು ವಾಪಸು ಕಳಿಸಿದೆ. ತಪ್ಪಿಲ್ಲ ಎಂದು ಅವನು, ಇದೆ ಎಂದು ನಾನು. “ಮಗ್ಗದ ಮ್ಯಾಲ ಅದರ ಜೋಡಿ ಐತಿ, ಬಂದ ನೋಡ್ರಿ” ಎಂದ. ಹೋದೆ. ಓಣಿಯ ತುಂಬ ಪಾವರ್‌ಲೂಮಿನ ಸದ್ದಿದ್ದರೂ ಅವನದು ಇನ್ನೂ ಕೈಮಗ್ಗ, ಅದೂ ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿ. ಅದರ ದಂಡೆಯ ಮೇಲೆ ಕೂತು, ಕಾಲು ಕುಣಿಯೊಳಗೆ ಇಳಿಬಿಟ್ಟು, ಕಾಲಿನಿಂದ ಹಲಗೆ ಒತ್ತುತ್ತ, ಕೈಯಿಂದ ಲಾಳಿ ಎಸೆಯುತ್ತ ನೇಯುವುದು. ಎಳೆ ಹತ್ತಿರದಿಂದ ನೋಡಲೆಂದು ಅವನ ಜಾಗದಲ್ಲಿ ಕೂತೆ. ಕಾಲು ಇಳಿಬಿಟ್ಟ ಕೂಡಲೆ ಮೊಣಕಾಲು ಸುಮ್ಮನಾಯಿತು. ಜಮಖಂಡಿಯ ಡಾಕ್ಟರು ಹೇಳಿದ್ದ ಭಂಗಿಯಲ್ಲೇ ಈರಪ್ಪನ ಮನೆತನ ಅವನ ಮುತ್ಯಾನ ಕಾಲದಿಂದ ಕೂತಿತ್ತು. ಅವರು ನೇಯ್ದದ್ದನ್ನು ಪಾಸು ಮಾಡಲು ನಾವು ಕಾಲು ಮುರಿದುಕೊಂಡು ಕೂತಿದ್ದೆವು.

“ನಿಮ್ಮ ಗಾದಿ ಎತ್ತರ ಆಗೇತಂತ ನೋಡೇನ್ರೀ” ಎಂದ ಈರಪ್ಪ. “ಅಷ್ಟ ಕಟಗಿ ಯಾಕ ಹಾಳ ಮಾಡಿದ್ರಿ? ಒಂದ ಕುಣಿ ತೋಡಿದ್ರ ಆಗತಿತ್ತಲ್ಲ.”

ಏಳಲು ನೋಡಿದೆ. ಕುಣಿಯಲ್ಲಿ ಕಾಲಿಗೆ ನೆಲ ಸಿಗಲಿಲ್ಲ, ದಂಡೆಯ ಮೇಲೆ ಕೈಗೆ ಬಲ ಸಿಗಲಿಲ್ಲ. ಈರಪ್ಪನ ಹೆಂಡತಿ ನೂಲಿನ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ನೋಡುತ್ತಿದ್ದಳು, ಬಾಗಿಲಲ್ಲಿ ನೆರೆಯವರಿಬ್ಬರು ನಿಂತಿದ್ದರು. ಮೊದಲಾಗಿದ್ದರೆ ಅವರೆಲ್ಲ ಹೋಗುವವರೆಗೆ ಆ ಸೀರೆಯ ಎಳೆ ಎಣಿಸುತ್ತ ಅಲ್ಲಿಯೇ ಕೂತಿರುತ್ತಿದ್ದೆ. ಅಂದು ಎಲ್ಲರೆದುರಿಗೂ ಕೈ ಮುಂದೆ ಚಾಚಿ, “ಏಳಾಕ ಬರವಲ್ದೋ ಈರಪ್ಪಾ, ಹಿಡಿ” ಎಂದೆ.

ಈರಪ್ಪ ಕೈ ಹಿಡಿದು ಎಳೆದ. ಅರ್ಧಕ್ಕೆ ಬಂದಾಗ ನಿಲ್ಲಿಸಿದ. ನಾನು ಅತ್ತ ನೆಲದಲ್ಲೂ ಇಲ್ಲ, ಇತ್ತ ನಿಂತೂ ಇಲ್ಲ.

“ಆ ಸೀರಿ ಪಾಸಾತಲ್ರೀ?” ಎಂದು ಬಹಳ ಮೆತ್ತಗೆ ಕೇಳಿದ.

ಇಪ್ಪತ್ತು ವರ್ಷದ ಅನುಭವದಿಂದ ಹೇಳುತ್ತೇನೆ, ಅರ್ಧ ಎದ್ದ ಮನುಷ್ಯನಿಗೆ ಯಾವ ಸೀರೆಯಲ್ಲೂ ಎಳೆ ತಪ್ಪಿದ್ದು ಕಾಣುವುದಿಲ್ಲ.